ಏರ್‌ಗನ್ ಪುನಸ್ಸಂಧಾನ ಮೀಮಾಂಸೆ

ಅಳಿದುಹೋದ ಸಾಮ್ರಾಜ್ಯಗಳ ಪತನಕ್ಕೆ ಕಾರಣಗಳನ್ನು ಶೋಧಿಸುವ ಪಂಡಿತರು ನಮ್ಮಲ್ಲಿ ವಿಪುಲವಾಗಿರುವರಾದರೂ, ಮನೆಯಲ್ಲಿಯೇ ಬಿಚ್ಚಿ, ಒರೆಸಿ, ಮರಳಿ ಜೋಡಿಸಿದ ಏರ್‌ಗನ್ನು ತನ್ನ ಪೂರ್ವದ ಗುರಿಯನ್ನು ತ್ಯಜಿಸಿ ಎಡಕ್ಕೆ ಹೊರಳುವುದೇಕೆಂಬ ಪ್ರಶ್ನೆಯನ್ನು ಅವರು ಉಪೇಕ್ಷಿಸಿರುವುದು ವಿಷಾದನೀಯವೇ ಸರಿ. ಈ ನ್ಯೂನತೆಯನ್ನು ಪರಿಹರಿಸಲೋಸುಗ, ಚಿತ್ತಾಪುರ ತಾಲೂಕಿನ ಗುಂಡಗುರ್ತಿಯಲ್ಲಿ, ಶಹಾಬಾದಿನ ಪರಸಿ ಹಾಸಿದ ಅಂಗಳವೊಂದರಲ್ಲಿ ನೆರೆದ ವಿದ್ವತ್ಸಭೆಯ ವಾದವಿವಾದಗಳನ್ನು ಇಲ್ಲಿ ಯಥಾಮತಿ ನಿರೂಪಿಸಲಾಗುತ್ತದೆ.

ಮೊದಲು ಲಕ್ಷಣ. ಮದ್ದಿನ ಹಂಗಿಲ್ಲದೆ, ಗಾಳಿಯೊಂದರ ಬಲದಿಂದಲೇ ಸೀಸದ ಛರ್ರಾವನ್ನು ಎಸೆಯತಕ್ಕುದು ಏರ್‌ಗನ್. ನಳಿಗೆಯನ್ನು ನಡುವೆ ಮಡಿಸಿದೊಡನೆ ಒಳಗಣ ಪಿಸ್ಟನ್ ಹಿಂಜರಿದು ಸ್ಪ್ರಿಂಗನ್ನು ಅದುಮುವುದು. ಕುದುರೆಯನ್ನೆಳೆದಾಗ ಆ ಸ್ಪ್ರಿಂಗು ಪಿಸ್ಟನ್ನನ್ನು ಮುಂದಕ್ಕೆ ನೂಕಿ, ಸಿಲಿಂಡರಿನ ಗಾಳಿಯನ್ನು ಹಿಂಡಿ, ಸಣ್ಣದೊಂದು ರಂಧ್ರದ ಮೂಲಕ ಛರ್ರಾದ ಬೆನ್ನಿಗೆ ಅಟ್ಟುವುದು. ನಳಿಗೆಯ ವ್ಯಾಸ 4.5 ಮಿಲಿಮೀಟರನ್ನೂ ಶಕ್ತಿ 20 ಜೂಲನ್ನೂ ಮೀರದಿದ್ದಲ್ಲಿ ಇದಕ್ಕೆ 2016ರ ಶಸ್ತ್ರಾಸ್ತ್ರ ನಿಯಮಗಳ ಮೇರೆಗೆ ಲೈಸನ್ಸು ಬೇಕಿಲ್ಲ. ಇದನ್ನು ಬಿಚ್ಚುವವನಿಗಾದರೂ ಒಂದು ಲೈಸನ್ಸು ಬೇಕೆಂದು ವಿಧಿಸದಿರುವುದು ಶಾಸನಕರ್ತರ ಔದಾರ್ಯ. ಇದೇ ಜಾತಿಯ ಆಯುಧದಿಂದ ಹತ್ತು ಮೀಟರು ದೂರದಲ್ಲಿ, ಅರ್ಧ ಮಿಲಿಮೀಟರಿನ ಚುಕ್ಕೆಯನ್ನು ಲಕ್ಷಿಸಿ ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಿಂದ ಸುವರ್ಣಪದಕವನ್ನು ತಂದನು. ನಮ್ಮ ಸಭೆಯ ಲಕ್ಷ್ಯವಾದರೋ, ಉಸುಕು ತುಂಬಿದ ಸಿಮೆಂಟು ಚೀಲದ ಮುಂದೆ ನಿಲ್ಲಿಸಿದ ಒಂದು ಖಾಲಿ ಡಬ್ಬಿ; ಅದು ಅಷ್ಟೇ ದೂರದಲ್ಲಿ ಸುಖವಾಗಿತ್ತು.

ಇನ್ನು ಪೂರ್ವಪಕ್ಷಗಳು. ಸಭೆಯು ನಾಲ್ಕು ದರ್ಶನಗಳಾಗಿ ಒಡೆಯಿತು. ಸ್ನೇಹವಾದಿಗಳಾದ ಮನೆಯ ಹಿರಿಯರು, ಸಕಲ ಯಂತ್ರವ್ಯಾಧಿಗಳಿಗೂ ಎಣ್ಣೆಯೇ ಮದ್ದೆಂದು ಬಗೆದು ಸಿಲಿಂಡರಿನೊಳಕ್ಕೆ ಅದನ್ನು ಧಾರಾಳವಾಗಿ ಎರೆದರು. ಗಾಳಿಯನ್ನು ಹಠಾತ್ತನೆ ಹಿಂಡಿದಾಗ ಅದು ಕಾಯುವುದೆಂಬುದೂ, ಆ ಕಾವಿಗೆ ಎಣ್ಣೆಯು ಡೀಸೆಲ್ ಎಂಜಿನಿನಲ್ಲಿಯಂತೆ ಹೊತ್ತಿಕೊಳ್ಳುವುದೆಂಬುದೂ ಕೊನೆಗೆ ಹೊಡೆದಾಗ ಹೊಗೆಯ ರೂಪದಿಂದಲೂ ಸಿಡಿಲಿನಂಥ ಸದ್ದಿನಿಂದಲೂ ಪ್ರತ್ಯಕ್ಷಪ್ರಮಾಣವಾಯಿತು. "ಕಾಕಾ, ಎಣ್ಣಿ ಸಾಕ್ರಿ!" ಎಂದು ಎರೆಯುವಾಗಲೇ ಕಿರಿಯನೊಬ್ಬನು ಆಕ್ಷೇಪಿಸಲಾಗಿ, "ಸುಮ್ಕಿರೋ, ಯಂತ್ರಕ್ಕ ಎಣ್ಣಿ ಎಂದೂ ಹೆಚ್ಚಾಗಂಗಿಲ್ಲ" ಎಂಬ ಆಪ್ತವಾಕ್ಯದಿಂದ ಅವನು ನಿರಸ್ತನಾದನು.

ಎರಡನೆಯವರು ಸ್ಪ್ರಿಂಗ್‌ವಾದಿಗಳು. ಹಳೆಯದು ಜೀರ್ಣಿಸಿತೆಂದು ಸಾರಿ, ಪೇಟೆಯಿಂದ ಬಲಿಷ್ಠತರವಾದೊಂದನ್ನು ತಂದು, ಇಬ್ಬರು ಅದುಮಿ ಮೂರನೆಯವನು ಪಿನ್ನು ಸೇರಿಸುವ ಕ್ರಮದಿಂದ ಅದನ್ನು ಒಳಗೆ ಬಂಧಿಸಿದರು. ಬಲ ಹೆಚ್ಚಿದಷ್ಟೂ ಬಂದೂಕಿನ ನಡುಕವೂ ಹೆಚ್ಚುವುದೆಂಬುದು ಅವರ ಶಾಸ್ತ್ರದಲ್ಲಿ ಅನುಕ್ತವಾಗಿತ್ತು. ಮೂರನೆಯವರು ಸ್ಕ್ರೂವಾದಿಗಳು. ಕಟ್ಟಿಗೆಯ ಹಿಡಿಗೂ ಕಬ್ಬಿಣದ ದೇಹಕ್ಕೂ ಇರುವ ಸಂಬಂಧ ಸಡಿಲಿದರೆ ಗುರಿ ಅಲೆಯುವುದೆಂಬ ಅವರ ಮತ ಸತ್ಯವೇ. ಆದರೆ ಬಿಗಿಯುವ ಕ್ರಿಯೆಗೆ ಅವಧಿಯುಂಟೆಂಬುದನ್ನು ಒಪ್ಪದೆ ಅವರು ಸ್ಕ್ರೂವಿನ ತಲೆಯನ್ನೇ ಸವೆಸಿದರು. ನಾಲ್ಕನೆಯವರಾದ ದೃಷ್ಟಿವಾದಿಗಳು ಅಂತರಂಗಶುದ್ಧಿಯ ಗೊಡವೆಗೆ ಹೋಗದೆ, ಹಿಂದಣ ನೋಟದ ಪಟ್ಟಿಯನ್ನು ತಿರುವಿದರು. ಛರ್ರಾ ಬಲಕ್ಕೆ ಹೋಗಬೇಕಾದರೆ ಆ ಪಟ್ಟಿಯೂ ಬಲಕ್ಕೇ ಸರಿಯಬೇಕೆಂಬ ಸೂತ್ರವನ್ನು ಅವರು ಬಲ್ಲವರಾಗಿದ್ದರು. ತಿರುವುವಾಗ ಬಂದೂಕನ್ನು ತಮ್ಮತ್ತ ಮುಖವಾಗಿ ಹಿಡಿದುದರಿಂದ ಬಲವು ಎಡವಾಯಿತು.

ಈ ನಾಲ್ಕು ಸಂಸ್ಕಾರಗಳೂ ನಡುನಡುವೆ ಒಂದು ಪರೀಕ್ಷೆಯೂ ಇಲ್ಲದೆ ಒಂದೇ ಮಧ್ಯಾಹ್ನ ಜರುಗಿದವೆಂಬುದನ್ನು ವಾಚಕರು ಲಕ್ಷಿಸತಕ್ಕದ್ದು. ಒಂದನ್ನು ಬದಲಿಸಿ, ಹೊಡೆದು ನೋಡಿ, ಫಲವನ್ನು ಕಂಡಮೇಲೆ ಇನ್ನೊಂದಕ್ಕೆ ಕೈಯಿಡುವುದು ಸಾಮಾನ್ಯ ಮಿಸ್ತ್ರಿಗಳ ಪದ್ಧತಿ. ಅದರಿಂದ ಕಾರಣವು ಬಹು ಬೇಗ ಸಿಕ್ಕಿ ಚರ್ಚೆಗೆ ಎಡೆಯಿಲ್ಲದಂತಾಗುವುದರಿಂದ ವಿದ್ವತ್ಸಭೆಗಳಿಗೆ ಅದು ಸಲ್ಲದು.

ಇಲ್ಲಿ ನೆರೆಯ ಮಳಖೇಡದ ಸ್ಮರಣೆ ಅನಿವಾರ್ಯ. ಕಾಗಿಣಾ ತೀರದ ಆ ಮಾನ್ಯಖೇಟದಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ತನ್ನ ಗಣಿತಸಾರಸಂಗ್ರಹದ ಆದಿಯಲ್ಲಿ ಸ್ತುತಿಸಿದ ಮಹಾವೀರಾಚಾರ್ಯನು, ರಸಗಳು ಒಂದೊಂದಾಗಿ, ಎರಡೆರಡಾಗಿ ಕೂಡುವ ಭೇದಗಳನ್ನು ಎಣಿಸುವ ವಿಧಾನವನ್ನು ಹೇಳಿರುವನಷ್ಟೆ. ಅದನ್ನು ಪ್ರಕೃತಕ್ಕೆ ಅನ್ವಯಿಸಿದರೆ, ದೋಷವು ಒಂದೇ ಸಂಸ್ಕಾರದ್ದಾಗಿರುವ ಬಗೆಗಳು 4, ಎರಡರದ್ದು 6, ಮೂರರದ್ದು 4, ನಾಲ್ಕೂ ಕೂಡಿದ್ದು 1, ಒಟ್ಟು 15. ಪ್ರತಿಯೊಂದು ದರ್ಶನವೂ ಇವುಗಳಲ್ಲಿ ತನ್ನ ಹೆಸರಿಲ್ಲದ ಏಳನ್ನು ಆಯ್ದು ಸಂರಕ್ಷಿಸಿಕೊಂಡಿತು.

ಹದಿನಾರನೆಯ ಬಗೆಯೊಂದುಂಟು: ನಾಲ್ಕರಲ್ಲಿ ಯಾವುದೂ ಅಲ್ಲ, ಹೊಡೆಯುವವನೇ ಕಾರಣ. ಸ್ಪ್ರಿಂಗಿನ ಬಂದೂಕು, ಛರ್ರಾ ನಳಿಗೆಯನ್ನು ಬಿಡುವ ಮುನ್ನವೇ ಹಿಂದಕ್ಕೂ ಮುಂದಕ್ಕೂ ಜಗ್ಗುವುದರಿಂದ, ಅದನ್ನು ಗಟ್ಟಿಯಾಗಿ ಅಪ್ಪಿದವನ ಗುರಿಯೇ ಬೇರೆ, ಹಗುರಾಗಿ ತಾಳಿದವನ ಗುರಿಯೇ ಬೇರೆ. ಈ ಪಕ್ಷವನ್ನು ಮಂಡಿಸಿದ ಅಳಿಯನನ್ನು ಚಹಾ ತರಲು ಒಳಗೆ ಕಳುಹಿಸಲಾಯಿತು.

ಉಳಿದುದು ದೋಷವಿಭಜನೆ. ಅದನ್ನು ಒಪ್ಪಿಕೊಂಡವರ ಸಂಖ್ಯೆಯಿಂದ ಭಾಗಿಸತಕ್ಕದ್ದು. ಆ ಸಂಖ್ಯೆ ಶೂನ್ಯ. ಶೂನ್ಯದಿಂದ ಭಾಗಿಸಿದ ರಾಶಿಯು ಬದಲಾಗದೆ ಉಳಿಯುವುದೆಂದು ಮಹಾವೀರಾಚಾರ್ಯನೂ, ಅನಂತವಾಗುವುದೆಂದು ಅವನಿಂದೀಚೆಯ ಭಾಸ್ಕರಾಚಾರ್ಯನೂ ಮತಭೇದವುಳ್ಳವರು. ಶತಮಾನಗಳ ಈ ವಿರೋಧಕ್ಕೆ ಗುಂಡಗುರ್ತಿಯಲ್ಲಿ ಸಮನ್ವಯ ಲಭಿಸಿತು: ದೋಷವು ಇದ್ದಂತೆಯೇ ಉಳಿಯಿತು, ವಾದವು ಅನಂತವಾಯಿತು.