ಪಿಎಸ್‌ಎಲ್‌ಇ ಮುಗೀಲಿ, ನೋಡೋಣ

ಸಿಂಗಪುರದ ಬೂನ್ ಲೇಯಲ್ಲಿ ಸರ್ಕಾರ ಕಟ್ಟಿಸಿದ ಎಚ್‌ಡಿಬಿ ಮನೆಗಳಲ್ಲಿ ಅತ್ಯುತ್ತಮ ವೈದ್ಯಕೀಯ ಸೌಲಭ್ಯ ಸಿಗುವುದು ಏರ್‌ಕಾನ್‌ಗೆ. ಮೂರು ತಿಂಗಳಿಗೊಮ್ಮೆ ಅದರ ಡಾಕ್ಟರು ಏಣಿ ಹೊತ್ತು ಮನೆಗೇ ಬರುತ್ತಾನೆ. ಎದೆ ಬಿಚ್ಚಿ, ಧೂಳು ತೆಗೆದು, ಎಲ್ಲಾದರೂ ಸೋರುತ್ತಿದೆಯೇ ಎಂದು ಪರೀಕ್ಷಿಸಿ, ಮುಂದಿನ ತಾರೀಕು ಬರೆಸಿಯೇ ಹೊರಡುತ್ತಾನೆ. ಎರಡನೆಯ ಸ್ಥಾನ ಮನೆಗೆಲಸದ ಹೆಲ್ಪರ್‌ಳದ್ದು. ಇಂಡೊನೇಷ್ಯಾದಿಂದಲೋ ಮ್ಯಾನ್ಮಾರಿನಿಂದಲೋ ಬಂದ ಆ ಹೆಣ್ಣುಮಗಳನ್ನು ಆರು ತಿಂಗಳಿಗೊಮ್ಮೆ ಕ್ಲಿನಿಕ್ಕಿಗೆ ಕರೆದೊಯ್ಯಬೇಕೆಂದು ಸರ್ಕಾರದ ಕಟ್ಟಪ್ಪಣೆ. ಬಸಿರು ನಿಂತಿದೆಯೇ, ಸೋಂಕುರೋಗ ತಗುಲಿದೆಯೇ ಎಂದು ಅಲ್ಲಿ ನೋಡುತ್ತಾರೆ. ಅವಳಿಂದ ಒಡೆಯರಿಗೂ ದೇಶಕ್ಕೂ ಆಗಬಹುದಾದ ತೊಂದರೆಗಳೆಲ್ಲ ಪಟ್ಟಿಯಲ್ಲಿವೆ. ಅವಳಿಗೇ ಬರಬಹುದಾದ ಸ್ತನ ಕ್ಯಾನ್ಸರ್ ಮಾತ್ರ ಇಲ್ಲ. ಅದೇನು ಅಂಟುರೋಗವೇ?

ಮನೆಯೊಡತಿಯ ಸರದಿ ಬರುವ ಹೊತ್ತಿಗೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಕ್ಯಾಲೆಂಡರಿನಲ್ಲಿ ಜಾಗ ಮುಗಿದಿರುತ್ತದೆ.

ಸರ್ಕಾರವನ್ನು ಬೈದು ಹಗುರಾಗೋಣವೆಂದರೆ ಅದಕ್ಕೂ ಪೂರ್ತಿ ಅವಕಾಶವಿಲ್ಲ. ಬ್ರೆಸ್ಟ್‌ಸ್ಕ್ರೀನ್ ಸಿಂಗಪುರ ಯೋಜನೆ 2002ರಿಂದಲೇ ನಡೆಯುತ್ತಿದೆ. ಐವತ್ತರಿಂದ ಅರವತ್ತೊಂಬತ್ತರವರೆಗಿನವರು ಎರಡು ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ಮಾಡಿಸಿಕೊಳ್ಳಿ ಎಂದು ಗೋಗರೆಯುತ್ತಾರೆ. ಪೌರರಿಗೂ ಕಾಯಂ ನಿವಾಸಿಗಳಿಗೂ ರಿಯಾಯಿತಿ ಉಂಟು. (ಗಂಡನ ವೀಸಾ ಬಾಲ ಹಿಡಿದು ಬಂದ ನಮ್ಮ ಇಂಜಿನಿಯರ್ ಪತ್ನಿಯರು ಪೂರ್ತಿ ದುಡ್ಡು ತೆರಬೇಕು, ಹೆಲ್ಪರ್‌ ಕೂಡ ಅದೇ ಸಾಲಿನಲ್ಲಿ. ಸಮಾನತೆ ಹೀಗೂ ಬರುತ್ತದೆ.) ಪಾಲಿಕ್ಲಿನಿಕ್ಕಿಗೆ ಹೋಗಲು ಸೋಮಾರಿತನವಾದರೆ ಯಂತ್ರವನ್ನೇ ಹೊತ್ತ ಮ್ಯಾಮೊಬಸ್ ಬಡಾವಣೆ ಬಡಾವಣೆ ಸುತ್ತುತ್ತದೆ. ಹದಿಮೂರು ಹೆಂಗಸರಲ್ಲಿ ಒಬ್ಬಳಿಗೆ ಜೀವಮಾನದಲ್ಲಿ ಒಮ್ಮೆ ಈ ರೋಗ ಬರುತ್ತದೆ ಎಂದು ಭಿತ್ತಿಪತ್ರ ಹಚ್ಚಿದ್ದಾರೆ. ಇಷ್ಟಾದರೂ ಕರೆದ ಹತ್ತು ಮಂದಿಯಲ್ಲಿ ಸಮಯಕ್ಕೆ ಸರಿಯಾಗಿ ಬರುವವರು ನಾಲ್ವರೂ ಇಲ್ಲ. ಬೂನ್ ಲೇ ಪ್ಲೇಸಿನ ಒಂದು ತಟ್ಟೆ ನಾಸಿ ಲೆಮಾಕ್‌ಗೆ ಬೆವರೊರೆಸಿಕೊಳ್ಳುತ್ತ ಕ್ಯೂ ನಿಲ್ಲುವ ಇದೇ ಊರಿನಲ್ಲಿ!

ಹೋಗದಿರುವುದಕ್ಕೆ ನಮ್ಮವರ ಕಾರಣಗಳಂತೂ ಮುತ್ತಿನಂಥವು. ಆಸ್ಪತ್ರೆಯಲ್ಲಿ ರೋಗದ ಹಂತವನ್ನು ಗಂಟಿನ ಗಾತ್ರ, ಕಂಕುಳ ಗ್ರಂಥಿ, ದೂರದ ಹರಡುವಿಕೆ ಇವುಗಳ ಮೇಲೆ ಅಳೆಯುತ್ತಾರೆ. ಪಾಪ, ತಿಳಿಯದವರು. ನಿಜವಾದ ಅಳತೆ ಮನೆಯ ಕಾರ್ಯಕ್ರಮ ಪಟ್ಟಿಯದ್ದು. ಕೈಗೆ ಏನೋ ತಾಕಿದಂತಾಯಿತೇ? ಮಗನ ಪಿಎಸ್‌ಎಲ್‌ಇ ಪರೀಕ್ಷೆ ಮುಗೀಲಿ, ನೋಡೋಣ. ಅದು ಮುಗಿದರೆ ಸರ್ಕಾರದಿಂದ ಕೊಂಡ ಹೊಸ ಬಿಟಿಒ ಮನೆಯ ಕೀಲಿಕೈ ಸಿಗುವ ತಿಂಗಳು, ಟೈಲ್ಸ್ ಆರಿಸಬೇಕು. ಆಮೇಲೆ ದಾವಣಗೆರೆಯಲ್ಲಿ ನಾದಿನಿಯ ಮದುವೆ. ಇಂಥ ಹೊತ್ತಲ್ಲಿ ಅಪಶಕುನದ ಮಾತೇಕೆ? ಇಷ್ಟರಲ್ಲಿ ಗಂಟು ಕೂಡ ಸುಮ್ಮನೆ ಕೂತಿರುವುದಿಲ್ಲ. ಅದೂ ಹೊಸ ಜಾಗ ನೋಡಿಕೊಳ್ಳುತ್ತದೆ. ಅಮೆರಿಕದ ಲೆಕ್ಕದ ಪ್ರಕಾರ ಸ್ತನದೊಳಗೇ ಇರುವಾಗ ಸಿಕ್ಕಿಬಿದ್ದರೆ ಐದು ವರ್ಷ ದಾಟುವವರು ನೂರಕ್ಕೆ ಸುಮಾರು 99. ದೂರದ ಅಂಗಗಳಿಗೆ ಹಬ್ಬಿದ ಮೇಲೆ ಸುಮಾರು 30.

ಪ್ರತಿ ಗುಂಪಿನಲ್ಲೂ ಓದಿಕೊಂಡ ಭಾವನೊಬ್ಬ ಇರುತ್ತಾನೆ. ತನಗೆ ಕಂಪನಿಯ ಖರ್ಚಿನಲ್ಲಿ ವರ್ಷಕ್ಕೊಮ್ಮೆ ಟ್ರೆಡ್‌ಮಿಲ್‌ ಓಡಿ ಹೃದಯ ತೋರಿಸಿಕೊಳ್ಳುವ ಈತ, ಹೆಂಡತಿಯ ಮ್ಯಾಮೊಗ್ರಾಂ ಮಾತು ಬಂದ ತಕ್ಷಣ ಸಂಖ್ಯಾಶಾಸ್ತ್ರಜ್ಞನಾಗುತ್ತಾನೆ: “ಬೇಗ ಪತ್ತೆಯಾದರೆ ಗಡಿಯಾರ ಬೇಗ ಶುರುವಾಗುತ್ತೆ ಕಣಮ್ಮ, ಅದಕ್ಕೇ ಹೆಚ್ಚು ದಿನ ಬದುಕಿದ ಹಾಗೆ ಕಾಣೋದು.” ಸುಳ್ಳಲ್ಲ. ಸುಮ್ಮಸುಮ್ಮನೆ ಹೆದರಿಸುವ ಮ್ಯಾಮೊಗ್ರಾಂಗಳೂ ಇವೆ. ಆದರೆ ಮುಂಬೈಯ ಟಾಟಾ ಆಸ್ಪತ್ರೆಯವರು 1998ರಿಂದ ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರನ್ನು ಇಪ್ಪತ್ತು ವರ್ಷ ಹಿಂಬಾಲಿಸಿದರು. ಅರ್ಧದಷ್ಟು ಮಂದಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಎದೆ ಪರೀಕ್ಷಿಸಿದರು, ಯಂತ್ರವೇ ಇಲ್ಲದೆ. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವರಲ್ಲಿ ರೋಗ ಮುಂಚಿನ ಹಂತದಲ್ಲೇ ಸಿಕ್ಕಿತು, ಐವತ್ತು ದಾಟಿದವರಲ್ಲಿ ಈ ರೋಗದಿಂದಾಗುವ ಸಾವು ನೂರಕ್ಕೆ ಹೆಚ್ಚುಕಡಿಮೆ 30ರಷ್ಟು ತಗ್ಗಿತು. ಸತ್ತವರ ಲೆಕ್ಕಕ್ಕೆ ಗಡಿಯಾರದ ನೆಪ ನಡೆಯುವುದಿಲ್ಲ. ಭಾವ ಅದನ್ನು ಓದಿಲ್ಲ. ಅಷ್ಟು ಕೆಳಗೆ ಸ್ಕ್ರೋಲ್ ಮಾಡಿಲ್ಲ.

ದೇಶ ದೇಶಗಳ ಹೋಲಿಕೆಯಲ್ಲೂ ಹೀಗೇ ತಮಾಷೆಗಳಿವೆ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಆರು ಶ್ರೀಮಂತ ದೇಶಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಡೆನ್ಮಾರ್ಕ್, ಬ್ರಿಟನ್ ಎರಡೂ ರೋಗಿಗಳನ್ನು ಉಳಿಸಿಕೊಳ್ಳುವುದರಲ್ಲಿ ಹಿಂದುಳಿದಿದ್ದವು. ಡೆನ್ಮಾರ್ಕಿನವರು ತಡವಾಗಿ ಸಿಕ್ಕಿದ್ದರು. ಬ್ರಿಟನ್ನಿನವರು ಉಳಿದವರಷ್ಟೇ ಬೇಗ ಸಿಕ್ಕಿಯೂ, ಮುಂದಿನ ಹಂತ ತಲುಪಿದವರು ಹೆಚ್ಚು ಸಾಯುತ್ತಿದ್ದರು. ಅಲ್ಲಿ ಪತ್ತೆಗಿಂತ ಚಿಕಿತ್ಸೆಯ ಮೇಲೇ ಗುಮಾನಿ. ಭಾರತಕ್ಕೆ ಈ ಆಯ್ಕೆಯ ಕಷ್ಟವಿಲ್ಲ, ನಾವು ಎರಡನ್ನೂ ಒಟ್ಟಿಗೆ ಮಾಡುತ್ತೇವೆ. 2010ರಿಂದ 2014ರೊಳಗೆ ರೋಗ ಪತ್ತೆಯಾದವರಲ್ಲಿ ಐದು ವರ್ಷ ದಾಟಿದವರು ಅಮೆರಿಕ, ಆಸ್ಟ್ರೇಲಿಯಗಳಲ್ಲಿ ನೂರಕ್ಕೆ 90ರ ಆಸುಪಾಸು, ಭಾರತದಲ್ಲಿ 66.

ಈ 66ರ ದೇಶದಿಂದ ಅಮ್ಮಂದಿರು ಬೂನ್ ಲೇಗೆ ಬರುತ್ತಾರೆ, ಬಾಣಂತನಕ್ಕೆ. ಸೂಟ್‌ಕೇಸಿನಲ್ಲಿ ಮೆಂತ್ಯದ ಹಿಟ್ಟು, ಅಂಟಿನುಂಡೆ, ಬಜೆ. ಜೊತೆಗೆ, ಕಸ್ಟಮ್ಸ್‌ನವರಿಗೆ ಹೇಳದೆ ತಂದ, ಎಡಗಡೆ ಒಂದು ಗಂಟು. ನೋವಿಲ್ಲವಂತೆ, ಆದ್ದರಿಂದ ಕಾಯಿಲೆ ಅಲ್ಲವಂತೆ. ಮಗುವಿಗೆ ಎಣ್ಣೆ ತೀಡುವಾಗ ತೋಳು ಸೆಳೆಯುವುದನ್ನು ಮಗಳು ಕಂಡುಹಿಡಿಯುತ್ತಾಳೆ. ಮನೆಯಲ್ಲಿ ತುರ್ತುಸಭೆ. ಇಲ್ಲಿ ತೋರಿಸಿದರೆ ವಿದೇಶಿಯರ ದರ, ಬಯಾಪ್ಸಿಗೇ ಬೆವರು ಕೀಳುತ್ತದೆ. “ಊರಿಗೆ ಹೋದ ಮೇಲೆ ಕಿದ್ವಾಯಿ ಆಸ್ಪತ್ರೇಲಿ ತೋರಿಸಿದರಾಯ್ತು ಬಿಡೇ, ನಿನ್ನ ರಜೆ ಮುಗಿಯೋವರೆಗೂ ಮಗೂನ ನೋಡ್ಕೊಳ್ಳೋರು ಯಾರು?” ಎಂದು ಅಮ್ಮನೇ ನಿರ್ಣಯ ಮಂಡಿಸುತ್ತಾಳೆ. ಅವಿರೋಧವಾಗಿ ಅಂಗೀಕಾರವಾಗುತ್ತದೆ.

ಅಳಿಯ ಮಾತ್ರ ಕರ್ತವ್ಯನಿಷ್ಠ. ಲ್ಯಾಪ್‌ಟಾಪ್ ತೆರೆದು ಪ್ರಯಾಣ ವಿಮೆಯ ಷರತ್ತುಗಳನ್ನು ಸಾಲು ಬಿಡದೆ ಓದುತ್ತಾನೆ. ಹೊರಡುವ ಮೊದಲೇ ಇದ್ದ ಕಾಯಿಲೆಗೆ ಪರಿಹಾರವಿಲ್ಲ ಎಂದಿದೆ. ಹಾಗಾಗಿ ಗಂಟು ಯಾವಾಗಿನಿಂದ ಇದೆ ಎಂದು ಅತ್ತೆಯವರನ್ನು ಯಾರೂ ಕೇಳಕೂಡದು ಎಂದು ತಾಕೀತು ಮಾಡುತ್ತಾನೆ.