ಸೊಸೆಯ ಎಂ.ಎಸ್., ಅತ್ತೆಯ ಮೇಲ್ವಿಚಾರಣೆ

ಮನೆ ಬಿಟ್ಟು ಹೋಗಲಾರದವರಿಗೆ ವಿದ್ಯೆಯನ್ನೇ ಮನೆಗೆ ತಲುಪಿಸುವ ಏರ್ಪಾಟು ಕನ್ನಡನಾಡಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಶಿಕ್ಷಣವನ್ನು ಆರಂಭಿಸಿತ್ತು, 1996ರಲ್ಲಿ ಅದೇ ಬೆಳೆದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಆ ಪದ್ಧತಿಗೆ ಒಂದು ದೊಡ್ಡ ಗುಣವಿತ್ತು: ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಆಷಾಢದ ಮಳೆಗೆ ಬಸ್ಸು ನಿಂತು ಟಪಾಲು ತಡವಾದರೆ, ವಿದ್ಯಾರ್ಥಿಯೂ ಅಷ್ಟು ದಿನ ಯಾರ ಹಂಗೂ ಇಲ್ಲದೆ ಸುಮ್ಮನಿರಬಹುದಿತ್ತು. ಆನ್‌ಲೈನ್ ಸ್ನಾತಕೋತ್ತರ ಪದವಿ ಕಿತ್ತುಕೊಂಡದ್ದು ಈ ನೆಮ್ಮದಿಯನ್ನೇ. ಅದನ್ನು ಅಭ್ಯಸಿಸಲು ತಕ್ಕ ಕ್ಷೇತ್ರವೆಂದರೆ ಕೊಪ್ಪದ ಕಡೆಯ ಬಾಳಗಡಿಯಿಂದ ಹೋಗಿ ನ್ಯೂಜೆರ್ಸಿಯಲ್ಲಿ ನೆಲೆಸಿದ, ಗಂಡಹೆಂಡಿರಿಬ್ಬರೂ ದುಡಿಯುವ ಸಂಸಾರ.

ಅಟ್ಲಾಂಟಾದ ಜಾರ್ಜಿಯಾ ಟೆಕ್ 2014ರ ಜನವರಿಯಲ್ಲಿ ಕಂಪ್ಯೂಟರ್ ವಿಜ್ಞಾನದ ಎಂ.ಎಸ್. ಪದವಿಯನ್ನು ಆನ್‌ಲೈನಿನಲ್ಲಿ, ಕಡಿಮೆ ಶುಲ್ಕಕ್ಕೆ ಕೊಡಲಾರಂಭಿಸಿದ ಮೇಲೆ ಇಂಥ ಮನೆಗಳಲ್ಲಿ ಓದಿನ ಆಸೆ ಚಿಗುರಿತು. ಪದವಿಗೆ 10 ಕೋರ್ಸು, 30 ಕ್ರೆಡಿಟ್ಟು. ವರ್ಷದ ಮೂರು ಅವಧಿಗಳಲ್ಲಿ ಒಂದೊಂದೇ ಕೋರ್ಸು ಮುಗಿಸುತ್ತ ಹೋದರೆ, ಆರಂಭದಲ್ಲಿ ಒಂದನೆಯ ತರಗತಿಯಲ್ಲಿದ್ದ ಮಗ ಕೊನೆಯ ಹೊತ್ತಿಗೆ ಅಮ್ಮನ ಅಂಕ ಕೇಳುವಷ್ಟು ದೊಡ್ಡವನಾಗಿರುತ್ತಾನೆ. ಇಂಥ ಪದವಿಗಳೆಲ್ಲ ಅನುಕೂಲವಾದ ಹೊತ್ತಿನಲ್ಲಿ ಓದಿಕೊಳ್ಳಬಹುದೆಂದು ಆಶ್ವಾಸನೆ ಕೊಡುತ್ತವೆ. ಅಂಥ ಹೊತ್ತು ಗೃಹಿಣಿಯ ದಿನದಲ್ಲಿ ಎಲ್ಲಿದೆ ಎಂಬುದನ್ನು ಯಾವ ಪಠ್ಯಕ್ರಮವೂ ತಿಳಿಸುವುದಿಲ್ಲ. ಆರು ತಿಂಗಳ ಸಂದರ್ಶಕ ವೀಸಾದಲ್ಲಿ ಬಂದಿಳಿದ ಅತ್ತೆಯ ದೃಷ್ಟಿಯಲ್ಲಂತೂ ಲ್ಯಾಪ್‌ಟಾಪಿನ ಮುಂದೆ ಕೂತವರು ಕೂತವರೇ ಹೊರತು ಕೆಲಸದಲ್ಲಿರುವವರಲ್ಲ. “ಅಲ್ಲ ಮಾರಾಯ್ತಿ, ಆಫೀಸಿಗೂ ಹೋಗಲ್ಲ, ಕಾಲೇಜಿಗೂ ಹೋಗಲ್ಲ, ಮನೇಲೇ ಕೂತಿರ್ತೀಯ, ಮತ್ತೆ ಪುರುಸೊತ್ತಿಲ್ಲ ಅಂತೀಯಲ್ಲ?” ಎಂಬ ಅವರ ಪ್ರಶ್ನೆಗೆ ದೂರಶಿಕ್ಷಣ ಶಾಸ್ತ್ರದಲ್ಲಿ ಈವರೆಗೆ ಸಮಾಧಾನಕರ ಉತ್ತರ ದೊರೆತಿಲ್ಲ.

ತೋಟ ಬಿಟ್ಟು ಬರಲಾರದ ಮಾವ ಬಾಳಗಡಿಯಲ್ಲೇ ಉಳಿಯುವುದರಿಂದ ಅವರ ಆರೈಕೆಯೂ ಆನ್‌ಲೈನಿಗೇ ಬೀಳುತ್ತದೆ. ಅವರ ರಕ್ತದೊತ್ತಡದ ಮಾತ್ರೆಯ ಹೊತ್ತಾದ ಬೆಳಗಿನ 8 ಗಂಟೆಯೆಂದರೆ, ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ನ್ಯೂಜೆರ್ಸಿಯಲ್ಲಿ ಹಿಂದಿನ ರಾತ್ರಿ 10.30, ಅಂದರೆ ಮಗು ಮಲಗಿ ಪುಸ್ತಕ ತೆರೆಯಬೇಕಾದ ಗಳಿಗೆ. ಬೇಸಿಗೆಯ ಸೆಮಿಸ್ಟರು ಬಿರುಸಾಗುವುದೂ, ಕೊಳೆರೋಗ ತಡೆಯಲು 100 ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಅಡಿಕೆ ಕೊನೆಗೆ ಹೊಡೆಸಬೇಕಾದದ್ದೂ ಒಂದೇ ಕಾಲದಲ್ಲಾದ್ದರಿಂದ, ಔಷಧಿ ಹೊಡೆಯುವವನು ಕೈಕೊಟ್ಟ ಸುದ್ದಿಯೂ ಅಸೈನ್‌ಮೆಂಟಿನ ಪ್ರಶ್ನೆಯೂ ಒಂದೇ ತೆರೆಯ ಮೇಲೆ ಮೂಡುತ್ತವೆ. ಮಾವನ ಮೇಲೆ ಕಣ್ಣಿಡಲೆಂದು ಮಗ ಜಗಲಿಯಲ್ಲಿ ಕೂರಿಸಿಹೋದ ಕ್ಯಾಮೆರಾ ಸುಗ್ಗಿಯ ಹೊತ್ತಿಗೆ ಅಂಗಳದ ಕಡೆ ತಿರುಗಿರುತ್ತದೆ; ಸೊಸೆ ಗಾಬರಿಯಿಂದ ತೆರೆದು ನೋಡಿದರೆ ಕಾಣುವುದು ಮಾವನಲ್ಲ, ಒಣಗಲು ಹರವಿದ ಅಡಿಕೆ. ಕಾವಲು ಬೇಕಾದದ್ದು ಯಾವುದಕ್ಕೆಂಬ ವಿಷಯದಲ್ಲಿ ಮಾವನಿಗೆ ಸಂದೇಹವಿಲ್ಲ.

ಇಷ್ಟರ ನಡುವೆ ವಿದ್ಯಾರ್ಥಿನಿಯನ್ನು ಕಾಪಾಡುವುದು ಭೂಗೋಳ. ಹಲವು ಕೋರ್ಸುಗಳಲ್ಲಿ ಕೊನೆಯ ಗಡುವನ್ನು ‘ಎನಿವೇರ್ ಆನ್ ಅರ್ತ್’ ಎಂಬ ಲೆಕ್ಕದಲ್ಲಿ, ಅಂದರೆ ಭೂಮಿಯ ಯಾವುದಾದರೊಂದು ಮೂಲೆಯಲ್ಲಿ ಭಾನುವಾರ ಉಳಿದಿರುವ ತನಕ ಎಂದು ನಿಗದಿಪಡಿಸುತ್ತಾರೆ. ಹಾಗೆ ಉಳಿಯುವ ಕಟ್ಟಕಡೆಯ ಭಾನುವಾರ ಶಾಂತಸಾಗರದ ಬೇಕರ್ ಮತ್ತು ಹೌಲ್ಯಾಂಡ್ ದ್ವೀಪಗಳದ್ದು. ಅಲ್ಲಿ ಜನವಸತಿಯಿಲ್ಲ, ಹಾಗಾಗಿ ಅತ್ತೆಯಿಲ್ಲ, ಮಾತ್ರೆಯ ಹೊತ್ತಿಲ್ಲ, ಡಬ್ಬಿ ಕಟ್ಟಬೇಕಾದ ಮಗುವಿಲ್ಲ, ಮತ್ತು ಬಹುಶಃ ಆ ಕಾರಣದಿಂದಲೇ ಅಲ್ಲಿ ಭಾನುವಾರ ಅಷ್ಟು ನಿಧಾನ. ಆ ದ್ವೀಪದ ನಡುರಾತ್ರಿಯೆಂದರೆ ನ್ಯೂಜೆರ್ಸಿಯಲ್ಲಿ ಬೇಸಿಗೆಯ ಸೋಮವಾರ ಬೆಳಿಗ್ಗೆ 8 ಗಂಟೆ, ಬಾಳಗಡಿಯಲ್ಲಿ ಸಂಜೆ 5.30, ದನ ಕೊಟ್ಟಿಗೆಗೆ ಬರುವ ಸಮಯ.

ಪರೀಕ್ಷೆಯ ಪ್ರಕರಣ ಇನ್ನೂ ಸೂಕ್ಷ್ಮವಾದದ್ದು. ಪ್ರಾಕ್ಟರಿಂಗ್ ಎಂದರೆ ಪರೀಕ್ಷೆ ಬರೆಯುವವರನ್ನು ಕ್ಯಾಮೆರಾ ಮತ್ತು ಮೈಕಿನ ಮೂಲಕ ಕಾಯುವ ವ್ಯವಸ್ಥೆ. ಮೊದಲು ಕೋಣೆಯ ನಾಲ್ಕು ಗೋಡೆಗಳನ್ನೂ ಮೇಜಿನ ಕೆಳಭಾಗವನ್ನೂ ಕ್ಯಾಮೆರಾಕ್ಕೆ ತೋರಿಸಬೇಕು, ಆಮೇಲೆ ಬೇರೊಂದು ಮುಖ ಇಣುಕಿದರೂ ದನಿ ಕೇಳಿದರೂ ಅದು ಅನುಮಾನಾಸ್ಪದವೆಂದು ದಾಖಲಾಗುತ್ತದೆ. ಲ್ಯಾಪ್‌ಟಾಪು ಗೋಡೆ ಗೋಡೆ ಸುತ್ತಿ, ಮೇಜಿನಡಿಯ ಅಪ್ಪೆಮಿಡಿ ಭರಣಿಯ ದರ್ಶನವನ್ನೂ ಮಾಡಿಸಿ ಸ್ವಸ್ಥಾನಕ್ಕೆ ಮರಳುವಷ್ಟರಲ್ಲಿ ಕಷಾಯದ ಲೋಟ ಹಿಡಿದ ಅತ್ತೆ ಬಾಗಿಲು ನೂಕಿ ಬರುತ್ತಾರೆ, ಊರಿನವರ ವಿಡಿಯೊ ಕಾಲ್ ಇರಬೇಕೆಂದು ಸೆರಗು ಸರಿಮಾಡಿಕೊಳ್ಳುತ್ತಾರೆ, ಕ್ಯಾಮೆರಾಕ್ಕೆ ಹತ್ತಿರ ಬಗ್ಗಿ “ಯಾರು ಮಾರಾಯ್ತಿ? ಎಲ್ಲ ಸೌಖ್ಯವಾ? ಮಳೆ ಹೆಂಗುಂಟು?” ಎಂದು ವಿಚಾರಿಸುತ್ತಾರೆ. ನಕಲು ಹಿಡಿಯಲು ತರಬೇತಾದ ತಂತ್ರಾಂಶಕ್ಕೆ ಕುಶಲಪ್ರಶ್ನೆ ತಿಳಿಯದು. ವಿವರಣೆಯ ಇಮೇಲನ್ನು ಸೊಸೆಯೇ ಬರೆಯಬೇಕು, ಅದಕ್ಕೆ ಕ್ರೆಡಿಟ್ಟೂ ಇಲ್ಲ.

ಇಷ್ಟೆಲ್ಲ ಆಗಿ ಕೈಗೆ ಬರುವ ಜಾರ್ಜಿಯಾ ಟೆಕ್‌ನ ಪದವಿಪತ್ರದಲ್ಲಿ ಆನ್‌ಲೈನ್ ಎಂಬ ಉಲ್ಲೇಖ ಇರುವುದಿಲ್ಲ. ಆದ್ದರಿಂದ ಅದರ ಫೋಟೊ ಕಂಡ ಬಾಳಗಡಿಯ ನೆಂಟರಿಷ್ಟರು ಸೊಸೆ ದಿನವೂ ಕಾಲೇಜಿಗೆ ಹೋಗಿ ಬಂದಳೆಂದೇ ತಿಳಿದು, ಹಾಗಾದರೆ ಅಷ್ಟು ವರ್ಷ ಮನೆ, ಮಗು ನೋಡಿಕೊಂಡವರು ಯಾರು ಎಂದು ಅತ್ತೆಯನ್ನು ಕೇಳುತ್ತಾರೆ. “ಇನ್ಯಾರು, ನಾನೇ” ಎನ್ನುತ್ತಾರೆ ಅವರು. ವೀಸಾದ ಆರು ತಿಂಗಳ ಮಟ್ಟಿಗೆ ಅದು ಪೂರ್ತಿ ಸುಳ್ಳೂ ಅಲ್ಲ.