ಬೆಟ್ಟ ಹತ್ತಿ ದೋಸೆಯ ಸಾಲ ತೀರಿಸುವವರಿಗೆ ಒಂದು ಬಹಿರಂಗ ಪತ್ರ

ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಬೆಳಬೆಳಗ್ಗೆ ಬೆವರು ಸುರಿಸುವ ತಮ್ಮಂದಿರೇ, ತಂಗಿಯರೇ,

ನೀವು ನನ್ನನ್ನು ದಾಟಿಕೊಂಡು ಮೇಲೆ ಹೋಗುತ್ತೀರಿ. ನಂದಿಯ ಹತ್ತಿರ ನಿಂತು, ಏದುಸಿರು ಬಿಡುತ್ತಾ, ಮಣಿಕಟ್ಟಿನ ಗಡಿಯಾರ ನೋಡಿಕೊಳ್ಳುತ್ತೀರಿ. ‘ನಾನೂರು ಕ್ಯಾಲೊರಿ ಹೋಯ್ತು, ಇವತ್ತು ಮಸಾಲೆ ದೋಸೆಗೆ ಅಡ್ಡಿಯಿಲ್ಲ’ ಎನ್ನುತ್ತಾರೆ ಒಬ್ಬರು. ‘ನಿನ್ನೆ ಬೀಗರೂಟ ಜಾಸ್ತಿಯಾಯ್ತು, ಇವತ್ತು ಎರಡು ಸಲ ಹತ್ತಿ ಮಧ್ಯಾಹ್ನದವರೆಗೆ ಉಪವಾಸ ಇರ್ತೀನಿ’ ಎನ್ನುತ್ತಾರೆ ಇನ್ನೊಬ್ಬರು. ತಿಂದದ್ದೆಲ್ಲ ಸಾಲ, ಹತ್ತಿದ ಮೆಟ್ಟಿಲೆಲ್ಲ ಅದರ ಕಂತು ಎಂಬಂತೆ ಬದುಕುತ್ತಿದ್ದೀರಿ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಿಮ್ಮ ಶ್ರದ್ಧೆ ದೊಡ್ಡದು, ಅದು ಹೀಗೆ ಪೋಲಾಗಬಾರದು ಅನ್ನಿಸಿ ಬರೆಯುತ್ತಿದ್ದೇನೆ.

ಲೆಕ್ಕವನ್ನೇ ನಂಬುವವರು ನೀವು, ಹಾಗಾಗಿ ಲೆಕ್ಕವನ್ನೇ ಮಾಡೋಣ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಮಾಡಿಸಿದ ಈ ಮೆಟ್ಟಿಲುಗಳು ಸಾವಿರ ಚಿಲ್ಲರೆ. ಬುಡದಿಂದ ತುದಿಯವರೆಗೆ ನಾವು ಏರುವ ಎತ್ತರ ಹೆಚ್ಚುಕಡಿಮೆ 250 ಮೀಟರ್. 70 ಕಿಲೋ ತೂಕದ ಮೈಯನ್ನು ಅಷ್ಟು ಎತ್ತರಕ್ಕೆ ಒಯ್ಯುವ ಕೆಲಸ ಕೇವಲ 41 ಕ್ಯಾಲೊರಿಯಷ್ಟು. ಸ್ನಾಯುಗಳು ಉರಿಸಿದ್ದರಲ್ಲಿ ಸುಮಾರು ಕಾಲುಭಾಗ ಮಾತ್ರ ಕೆಲಸಕ್ಕೆ ಒದಗುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಆದ್ದರಿಂದ ಹತ್ತುವುದಕ್ಕೆ 165, ಇಳಿಯುವುದಕ್ಕೆ ಇನ್ನೊಂದಿಷ್ಟು, ಎಲ್ಲ ಸೇರಿ 250ರ ಆಸುಪಾಸು ಅನ್ನಿ. ಹೋಟೆಲಿನ ಒಂದು ಮಸಾಲೆ ದೋಸೆ ಎಣ್ಣೆ, ಬೆಣ್ಣೆ ಎಷ್ಟು ಬಿದ್ದಿದೆ ಎಂಬುದರ ಮೇಲೆ 350ರಿಂದ 450 ಕ್ಯಾಲೊರಿ. ಸಕ್ಕರೆ ಹಾಕಿದ ಕಾಫಿ ಅದರ ಮೇಲೆ. ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಕೊರತೆ ಬೀಳಬೇಕು. ಅಂದರೆ ತಿಂಗಳು ಪೂರ್ತಿ ಒಂದು ದಿನವೂ ತಪ್ಪಿಸದೆ ಬೆಟ್ಟ ಹತ್ತಿ, ಊಟದಲ್ಲಿ ಒಂದು ತುತ್ತೂ ಹೆಚ್ಚಿಸದಿದ್ದರೆ, ಒಂದು ಕಿಲೋ.

ಗಡಿಯಾರ ನಾನೂರು ತೋರಿಸಿತಲ್ಲ ಎನ್ನಬೇಡಿ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ಇಂಥ ಪಟ್ಟಿಗಳನ್ನು 60 ಜನರ ಕೈಗೆ ಕಟ್ಟಿ ಪರೀಕ್ಷಿಸಿದರು. ಎದೆಬಡಿತವನ್ನು ಹೆಚ್ಚಿನವು ಚೆನ್ನಾಗಿಯೇ ಎಣಿಸಿದವು. ಖರ್ಚಾದ ಕ್ಯಾಲೊರಿಯ ವಿಷಯದಲ್ಲಿ ಎಲ್ಲಕ್ಕಿಂತ ವಾಸಿಯಾದದ್ದೇ ಸರಾಸರಿ ಶೇಕಡ 27ರಷ್ಟು ತಪ್ಪಿತು, ಕಳಪೆಯಾದದ್ದು ಶೇಕಡ 93ರಷ್ಟು. ಅಂಥ ಸಂಖ್ಯೆಯನ್ನು ನಂಬಿ ತಟ್ಟೆಗೆ ಎಷ್ಟು ಬಡಿಸಿಕೊಳ್ಳಬೇಕೆಂದು ನಿರ್ಧರಿಸುವುದು ಸರಿಯಲ್ಲ.

ದೋಸೆ ತಿನ್ನಬೇಡಿ ಎಂದು ನಾನು ಹೇಳುತ್ತಿಲ್ಲ. ಮೈಸೂರಿನಲ್ಲಿ ಹುಟ್ಟಿ ಅಂಥ ಮಾತು ಆಡಲಾರೆ. ತಿನ್ನುವ ದಿನ ಸಂತೋಷದಿಂದ ತಿನ್ನಿ. ಅದಕ್ಕೂ ಬೆಟ್ಟಕ್ಕೂ ಗಂಟು ಹಾಕಬೇಡಿ, ಅಷ್ಟೆ.

ಮೇಲಿನ ಲೆಕ್ಕ ನೋಡಿ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ನನಗೆ ಹೆಚ್ಚು ಭಯ ಹುಟ್ಟಿಸುವವರು ಇವರೇ. ಮೊಬೈಲಿನ ಆ್ಯಪು ‘ದಿನಕ್ಕೆ 1,200’ ಎಂದು ಹೇಳಿತು ಅಂತ ಆಳೆತ್ತರದ ಹುಡುಗರು ಅಷ್ಟೇ ತಿಂದು, ಖಾಲಿ ಹೊಟ್ಟೆಯಲ್ಲಿ ಎರಡೆರಡು ಸಲ ಮೆಟ್ಟಿಲು ಹತ್ತುತ್ತಾರೆ. ಅವರಿಗೆ ಹಳೆಯ ಪ್ರಯೋಗವೊಂದರ ಕಥೆ ಹೇಳಲೇಬೇಕು.

ಎರಡನೇ ಮಹಾಯುದ್ಧದ ಕೊನೆಯ ಹೊತ್ತು. ಬರಗಾಲಕ್ಕೆ ಸಿಕ್ಕ ಯುರೋಪಿನ ಜನರಿಗೆ ಮತ್ತೆ ಊಟ ಹೇಗೆ ಕೊಡಬೇಕೆಂದು ತಿಳಿಯಲು ಆ್ಯನ್ಸೆಲ್ ಕೀಸ್ ಎಂಬ ವಿಜ್ಞಾನಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 36 ಯುವಕರನ್ನು ಇಟ್ಟುಕೊಂಡು ಒಂದು ಅಧ್ಯಯನ ಮಾಡಿದ. ಯುದ್ಧದಲ್ಲಿ ಕೊಲ್ಲಲು ಒಪ್ಪದೆ, ತಾವಾಗಿಯೇ ಮುಂದೆ ಬಂದ ಆರೋಗ್ಯವಂತರು ಅವರು. 1945ರಲ್ಲಿ 24 ವಾರ ಅವರಿಗೆ ದಿನಕ್ಕೆ ಸುಮಾರು 1,570 ಕ್ಯಾಲೊರಿಯ ಊಟ, ಜೊತೆಗೆ ವಾರಕ್ಕೆ 22 ಮೈಲಿ, ಅಂದರೆ 35 ಕಿಲೋಮೀಟರ್ ನಡಿಗೆ. ತೂಕ ಇಳಿಯಿತು ನಿಜ, ಕಾಲುಭಾಗದಷ್ಟು ಇಳಿಯಿತು. ಅದರ ಜೊತೆಗೆ ಸುಮ್ಮನಿದ್ದಾಗ ಮೈ ಉರಿಸುವ ಶಕ್ತಿ ಶೇಕಡ 40ರಷ್ಟು ಕುಸಿಯಿತು. ಚಳಿ ತಡೆಯಲಾಗುತ್ತಿರಲಿಲ್ಲ. ಓದು, ಮಾತು, ಹೆಣ್ಣು ಯಾವುದರಲ್ಲೂ ಆಸಕ್ತಿ ಉಳಿಯಲಿಲ್ಲ. ಅಡುಗೆ ಪುಸ್ತಕಗಳನ್ನು ಕೂಡಿಟ್ಟು ಕಾದಂಬರಿಯಂತೆ ಓದುತ್ತಿದ್ದರು. ಮತ್ತೆ ಹೊಟ್ಟೆ ತುಂಬ ಊಟ ಸಿಕ್ಕಾಗ ಎಷ್ಟು ತಿಂದರೂ ತೃಪ್ತಿಯಿಲ್ಲದೆ, ಮೊದಲಿಗಿಂತ ಹೆಚ್ಚು ಕೊಬ್ಬು ತುಂಬಿಕೊಂಡರು.

ಅವರಿಗೆ ಕೊಟ್ಟದ್ದು 1,570. ನೀವು ನಿಮಗೆ ಕೊಟ್ಟುಕೊಳ್ಳುತ್ತಿರುವುದು 1,200. ದಯವಿಟ್ಟು ಇದನ್ನು ಇನ್ನೊಮ್ಮೆ ಓದಿ.

ಉಪವಾಸವಿದ್ದು ಬೆಟ್ಟ ಹತ್ತಿದವರು ಆಮೇಲೆ ಇಡೀ ದಿನ ಏನು ಮಾಡುತ್ತಾರೆಂದು ಗಮನಿಸಿದ್ದೀರಾ? ಆಫೀಸಿನಲ್ಲಿ ಲಿಫ್ಟು ಹುಡುಕುತ್ತಾರೆ, ಸಂಜೆ ಸೋಫಾದ ಮೇಲೆ ಒರಗಿದರೆ ಏಳುವುದಿಲ್ಲ, ಹತ್ತು ಹೆಜ್ಜೆಯ ಅಂಗಡಿಗೂ ಸ್ಕೂಟರು ತೆಗೆಯುತ್ತಾರೆ. ಬೆಳಗ್ಗೆ ಖರ್ಚು ಮಾಡಿದ್ದನ್ನು ದೇಹ ಸಂಜೆಯೊಳಗೆ ಹೀಗೆ ಸದ್ದಿಲ್ಲದೆ ಉಳಿಸಿಕೊಳ್ಳುತ್ತದೆ. ತಾಂಜಾನಿಯಾದ ಹಾಡ್ಜಾ ಎಂಬ ಬೇಟೆಗಾರ ಬುಡಕಟ್ಟಿನ ಗಂಡಸರು ದಿನಕ್ಕೆ ಸುಮಾರು 11 ಕಿಲೋಮೀಟರ್ ನಡೆಯುತ್ತಾರೆ. ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ಅವರ ಶಕ್ತಿಯ ಖರ್ಚನ್ನು ಅಳೆದು 2012ರಲ್ಲಿ ಪ್ರಕಟಿಸಿದರು. ಮೈಗಾತ್ರವನ್ನು ಲೆಕ್ಕಕ್ಕೆ ಹಿಡಿದರೆ ಕುರ್ಚಿಯಲ್ಲಿ ಕೂತು ದುಡಿಯುವ ಅಮೆರಿಕದವರಿಗೂ ಇವರಿಗೂ ದೊಡ್ಡ ವ್ಯತ್ಯಾಸವೇ ಕಾಣಲಿಲ್ಲ. ಎಷ್ಟು ಓಡಾಡಿದರೂ ದೇಹ ಬೇರೆ ಕಡೆ ಕೈ ಬಿಗಿಮಾಡಿ ಸರಿದೂಗಿಸಿಕೊಳ್ಳುತ್ತದೆ ಎಂಬುದು ಪಾಂಟ್ಜರ್ ವಾದ.

ಹಾಗಾದರೆ ತೂಕ ಎಲ್ಲಿ ಇಳಿಯಬೇಕು? ಅಡುಗೆಮನೆಯಲ್ಲಿ, ಅದೂ ನಿಧಾನವಾಗಿ. ದಿನಕ್ಕೆ 300ರಿಂದ 500 ಕ್ಯಾಲೊರಿಯ ಕೊರತೆ ಸಾಕು. ಅದನ್ನು ಎಲ್ಲಿಂದ ಕಡಿಯಬೇಕು ಎಂಬುದರಲ್ಲಿ ನಮ್ಮ ಜನ ಎಡವುವುದನ್ನು ನೋಡಿ ನೋಡಿ ಬೇಸರವಾಗಿದೆ. ರಾತ್ರಿ ಮುದ್ದೆ ಬಿಡುತ್ತಾರೆ. ಮೊಸರು ಬಿಡುತ್ತಾರೆ. ಒಗ್ಗರಣೆ ಸೌಟು ಮಾತ್ರ ಹಾಗೇ ಇರುತ್ತದೆ. ಐದು ಮಿಲಿಲೀಟರಿನ ಒಂದು ಟೀ ಚಮಚ ಎಣ್ಣೆ ಅಂದರೆ 40ಕ್ಕೂ ಹೆಚ್ಚು ಕ್ಯಾಲೊರಿ. ಪಲ್ಯಕ್ಕೆ, ಸಾರಿಗೆ, ಚಿತ್ರಾನ್ನಕ್ಕೆ ಕಣ್ಣಳತೆಯಲ್ಲಿ ಬಗ್ಗಿಸುವ ಎಣ್ಣೆಯಲ್ಲಿ ಬೆಟ್ಟದ ಒಂದಿಡೀ ಬೆಳಗು ಮುಳುಗಿಹೋಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ದಿನದೂಟಕ್ಕೆ ಎಣ್ಣೆ, ತುಪ್ಪ ಎಲ್ಲ ಸೇರಿ 27 ಗ್ರಾಂ ಎಂದಿದೆ. ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರೂವರೆ ಲೀಟರಿನಷ್ಟಾಯಿತು. ಈ ತಿಂಗಳ ದಿನಸಿ ಚೀಟಿ ತೆಗೆದು ನೋಡಿ. ಮೆಟ್ಟಿಲುಗಳನ್ನು ಎಣಿಸುವಷ್ಟು ಶ್ರದ್ಧೆಯಿಂದ ಅದನ್ನು ಎಣಿಸಿ.

ಅದೇ ಮಾರ್ಗಸೂಚಿಯ ತಟ್ಟೆಯಲ್ಲಿ ಬೇಳೆಕಾಳು 85 ಗ್ರಾಂ, ಹಾಲು ಮೊಸರು 300 ಮಿಲಿಲೀಟರ್, ತರಕಾರಿ 400 ಗ್ರಾಂ ಇವೆ. ನಮ್ಮ ಕಡೆಯ ಬಸ್ಸಾರು ಮಾಡುವ ಮನೆಗೆ ಇದೇನೂ ಹೊಸದಲ್ಲ. ಸೊಪ್ಪು, ಕಾಳು ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು, ಬೆಂದದ್ದರಲ್ಲಿ ಪಲ್ಯ. ಹುರುಳಿಕಾಳಿನಲ್ಲಿ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಪ್ರೋಟೀನ್ ಇದೆ. ತೂಕ ಇಳಿಸುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಅದನ್ನು ಉಳಿಸಿಕೊಳ್ಳಲು ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ಬೇಕೇ ಬೇಕು. ಕಡಿಮೆ ಮಾಡುವುದಾದರೆ ಎರಡನೇ ಸಲದ ಅನ್ನ, ಕಾಫಿಯ ಸಕ್ಕರೆ, ಸಂಜೆಯ ಬೋಂಡ, ಬೇಕರಿಯ ದಿಲ್‌ಪಸಂದ್ ಇವುಗಳಿಂದ ಶುರುಮಾಡಿ. ಮೊದಲ ವಾರ ತಕ್ಕಡಿ ಎರಡು ಕಿಲೋ ಕಡಿಮೆ ತೋರಿಸಿದರೆ ಹಿಗ್ಗಬೇಡಿ, ಅದರಲ್ಲಿ ಹೆಚ್ಚಿನದು ನೀರು. ಮೂರನೇ ವಾರ ಮುಳ್ಳು ಅಲ್ಲಾಡದಿದ್ದರೆ ಕುಗ್ಗಲೂಬೇಡಿ. ಟೈಲರ್ ಟೇಪಿನಿಂದ ಸೊಂಟ ಅಳೆಯಿರಿ. ಭಾರತದ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಎಚ್ಚರಿಕೆಯ ಗೆರೆ. ತೂಕ ಸರಿಯಿದ್ದೂ ಹೊಟ್ಟೆಯೊಳಗೆ ಕೊಬ್ಬು ಕೂಡಿಟ್ಟುಕೊಳ್ಳುವ ಮೈಕಟ್ಟು ನಮ್ಮದು.

ಇಷ್ಟೆಲ್ಲ ಹೇಳಿದ ಮೇಲೆ, ಬೆಟ್ಟ ಏಕೆ ಹತ್ತಬೇಕು ಎಂದು ನೀವು ಕೇಳಿದರೆ ನನ್ನ ಉತ್ತರ ಸಿದ್ಧವಿದೆ. ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಇಟ್ಟಿದ್ದಾರೆ, ತೂಕ ಇಳಿಸಿ ಮತ್ತೆ ಏರದಂತೆ ನೋಡಿಕೊಂಡ ಸಾವಿರಾರು ಜನರದ್ದು. ಅವರಲ್ಲಿ ಹೆಚ್ಚಿನವರು ದಿನಕ್ಕೆ ಸುಮಾರು ಒಂದು ಗಂಟೆ ಮೈ ಬಗ್ಗಿಸುವವರು, ಅದರಲ್ಲೂ ನಡೆಯುವವರೇ ಜಾಸ್ತಿ. ಇಳಿಸುವುದು ಊಟದಿಂದ, ಇಳಿದದ್ದನ್ನು ಕಾಯುವುದು ಕಾಲಿನಿಂದ. ಒಂದು ಗ್ರಾಂ ಇಳಿಯದಿದ್ದರೂ ಹತ್ತುವವರ ರಕ್ತದೊತ್ತಡ ಇಳಿಯುತ್ತದೆ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ನಿದ್ದೆ ಬರುತ್ತದೆ. ಆಷಾಢ ಶುಕ್ರವಾರಗಳಲ್ಲಿ ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತಾ ಏರುವ ತಾಯಂದಿರನ್ನು ನೋಡಿ. ಅವರ ಕೈಯಲ್ಲಿ ಗಡಿಯಾರವಿಲ್ಲ, ವರ್ಷ ವರ್ಷ ತಪ್ಪದೆ ಬರುತ್ತಾರೆ. ತಪ್ಪದೆ ಬರುವುದನ್ನು ಅವರಿಂದ ಕಲಿಯಬೇಕು. ವಾರಕ್ಕೆ ಮೂರು ದಿನ ಬೆಟ್ಟ, ಉಳಿದ ದಿನ ಕುಕ್ಕರಹಳ್ಳಿ ಕೆರೆಯ ದಂಡೆ, ರಾತ್ರಿ ಊಟವಾದ ಮೇಲೆ ಬೀದಿಯಲ್ಲಿ ಕಾಲು ಗಂಟೆ. ನಿಮ್ಮಂಥವರಿಗೆ ಇದು ಧಾರಾಳವಾಯಿತು.

ಮಂಡಿನೋವು ಇರುವವರು ಹತ್ತಿ ಹೋಗಿ, ಇಳಿಯುವಾಗ ನಗರ ಸಾರಿಗೆ ಬಸ್ಸು ಹಿಡಿಯಿರಿ. ಮಂಡಿಗೆ ಪೆಟ್ಟು ಬೀಳುವುದು ಇಳಿಯುವಾಗಲೇ ಹೆಚ್ಚು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ಖಾಲಿ ಹೊಟ್ಟೆಯಲ್ಲಿ ಮೆಟ್ಟಿಲಿಗೆ ಕಾಲಿಡಲೇಬೇಡಿ. ಏನಾದರೂ ತಿಂದು ಬನ್ನಿ, ಎಷ್ಟು ಹತ್ತಬಹುದೆಂದು ನಿಮ್ಮ ಡಾಕ್ಟರನ್ನು ಕೇಳಿ ಬನ್ನಿ, ಜೇಬಿನಲ್ಲಿ ಗ್ಲೂಕೋಸ್ ಪೊಟ್ಟಣ ಇರಲಿ. ತಲೆ ಸುತ್ತಿ, ಕೈ ನಡುಗಿ, ತಣ್ಣನೆಯ ಬೆವರು ಬಂದರೆ ಅಲ್ಲೇ ಕುಳಿತು ಅದನ್ನು ಬಾಯಿಗೆ ಹಾಕಿಕೊಳ್ಳಿ, ಪಕ್ಕದಲ್ಲಿ ಹತ್ತುತ್ತಿರುವವರನ್ನು ಕೂಗಿ ಕರೆಯಿರಿ. ನಾಚಿಕೆ ಬೇಡ, ನಾವೆಲ್ಲ ನಿಲ್ಲುತ್ತೇವೆ.

ಇಂತಿ,
ನಿಮ್ಮ ಹಿಂದೆ ನಿಧಾನವಾಗಿ ಹತ್ತಿ ಬರುವ ಒಬ್ಬ ಅಣ್ಣ